ಗೇರ್‌ಬಾಕ್ಸ್ ಬೇರೆ, ಮೌಂಟಿಂಗ್ ಅದೇ!

ಹಳೇ ಜೀಪು ಇಟ್ಟುಕೊಂಡ ರೈತರಿಗೆ ನನ್ನದೊಂದು ಮಾತು. ಗೇರ್‌ಬಾಕ್ಸ್ ಬದಲಾಯಿಸುವ ದಿನ ಅದರ ಕೆಳಗಿನ ಹಳೇ ರಬ್ಬರ್ ಮೌಂಟಿಂಗನ್ನೂ ಬಿಚ್ಚಿ ಎಸೆಯಿರಿ. ‘ಇನ್ನೂ ಗಟ್ಟಿಯಾಗಿದೆ’ ಅಂತ ಯಾರು ಹೇಳಿದರೂ ಕೇಳಬೇಡಿ. ನಾನು ಕೇಳಿ ಕೆಟ್ಟವನು.

ನನ್ನದು ಮಾಗಡಿ ಕಡೆಯ ಮಳೆ ನಂಬಿದ ಬೇಸಾಯ. ರಾಗಿ, ಅವರೆ, ಹುರುಳಿ. ಜೀಪು ಬಸವೇಶ್ವರನಗರದ ಒಬ್ಬರಿಂದ ಕೊಂಡದ್ದು, ರಾಜಾಜಿನಗರ ಆರ್‌ಟಿಒದ ಕೆಎ-02 ನಂಬರು. ಅವರೆಕಾಯಿ ಕಾಲದಲ್ಲೇ ಗೇರ್‌ಬಾಕ್ಸ್ ಕೈಕೊಟ್ಟಿತು. ಕೆಂಗೇರಿ ಹತ್ತಿರ ಒಂದು ಗ್ಯಾರೇಜಿನಲ್ಲಿ ಅಂಥದ್ದೇ ಸೆಕೆಂಡ್ ಹ್ಯಾಂಡ್ ಹಾಕಿಸಿದೆ. “ಯಜಮಾನ್ರೇ, ಮೌಂಟಿಂಗ್ ಬೋಲ್ಟು ತುಕ್ಕು ಹಿಡಿದವೆ, ಬಿಚ್ಚಕ್ಕೆ ಅರ್ಧ ದಿನ ಹೋಯ್ತದೆ. ಇದೇ ಇರ್ಲಿ ಬುಡಿ” ಅಂದ ಮೇಸ್ತ್ರಿ. ಕಾಯಿ ಕೊಯ್ದು ಮೂಟೆ ಕಟ್ಟಿದ್ದೆ. “ಆಗಲಪ್ಪ, ಬೇಗ ಕೊಡು” ಅಂದೆ. ಅವನೊಬ್ಬನದೇ ತಪ್ಪು ಅನ್ನಲಾರೆ. ಎತ್ತು ಬದಲಾಯಿಸಿ ಮುರುಕಲು ನೊಗ ಕಟ್ಟುವ ಬುದ್ಧಿ ನನಗೂ ಬಂತಲ್ಲ.

ಎರಡು ತಿಂಗಳು ಓಡಿತು. ಆಮೇಲೆ ಕ್ಲಚ್ ಬಿಟ್ಟಾಗ ಗಾಡಿ ನಡುಗೋದು, ಇಳಿಜಾರಿನಲ್ಲಿ ಗೇರು ತಾನೇ ಹಾರೋದು ಶುರುವಾಯಿತು. ಹಿಂದೆ ಆಳುಗಳು ಕೂತಿದ್ದಾಗ ಒಂದು ಸಲ ಹಾಗಾಯ್ತು. ಬ್ರೇಕು ಚೆನ್ನಾಗಿತ್ತು, ಬದುಕಿದೆವು. ಮಾಗಡಿ ರಸ್ತೆ ಕಾಮಾಕ್ಷಿಪಾಳ್ಯದ ಇನ್ನೊಬ್ಬ ಮೇಸ್ತ್ರಿ ಹತ್ತಿರ ಬಿಚ್ಚಿಸಿದರೆ ರಬ್ಬರು ಆಯಿಲ್ ಕುಡಿದು ಕಜ್ಜಾಯದ ಹಾಗೆ ಉಬ್ಬಿ, ಕಬ್ಬಿಣದ ತಟ್ಟೆಯಿಂದ ಬಿಟ್ಟುಕೊಂಡಿತ್ತು. ಗೇರ್‌ಬಾಕ್ಸ್ ಕುಸಿದು ಗೇರ್ ರಾಡು ನೆಲದ ತಗಡಿಗೆ ತಾಗುತ್ತಿತ್ತು. ಶಾಫ್ಟಿನ ಜಾಯಿಂಟೂ ಸವೆದಿತ್ತು.

ಸುಳ್ಯ, ಪುತ್ತೂರಿನ ರಬ್ಬರ್ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಮರದ ಹಾಲಿನ ರಬ್ಬರಿಗೂ ಎಂಜಿನ್ ಆಯಿಲಿಗೂ ಆಗಿಬರಲ್ಲ. ಗೇರ್‌ಬಾಕ್ಸಿನ ಹಿಂದಿನ ಸೀಲು ಸೋರುತ್ತಿದ್ದರೆ ಮೊದಲು ಅದನ್ನು ಹಾಕಿಸಬೇಕು. ಇಲ್ಲದಿದ್ದರೆ ಹೊಸ ಮೌಂಟಿಂಗಿಗೂ ಅದೇ ಗತಿ.

ಬಿಚ್ಚುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಹಿಂದಿನ ಸಂಜೆಯೇ ನಟ್ಟುಗಳಿಗೆ ಸೀಮೆಎಣ್ಣೆ, ಆಯಿಲ್ ಬೆರೆಸಿ ಬಿಟ್ಟಿದ್ದರು. ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಕೆಳಗೆ ಹಲಗೆ ಇಟ್ಟು ಜಾಕಿ ಕೊಟ್ಟರು. ಹಲಗೆ ಇಲ್ಲದೆ ಕೊಟ್ಟರೆ ಆಯಿಲ್ ಚೇಂಬರಿನ ತಗಡು ನೆಗ್ಗುತ್ತದೆ. ಗೇರ್‌ಬಾಕ್ಸಿಗೆ ಬೇರೆ ಜಾಕಿ. ಯಾಕೆಂದರೆ ಅಡ್ಡ ತೊಲೆ ಕಳಚಿದ ಕೂಡಲೇ ಎಂಜಿನ್ನಿನ ಬಾಲ ಜೋತು ಬಿದ್ದು, ಮೇಲಿನ ಪೈಪುಗಳು ಎಳೆದುಕೊಳ್ಳುತ್ತವೆ. ಒಂದು ನಟ್ಟು ಜಪ್ಪಯ್ಯ ಅಂದರೂ ಬರಲಿಲ್ಲ. ಹುಡುಗ ಗ್ಯಾಸ್ ಕಟಿಂಗ್ ತರುತ್ತೇನೆ ಅಂದ. ಮೇಸ್ತ್ರಿ ಬೈದು ಉಳಿಯಿಂದ ನಟ್ಟನ್ನೇ ಸೀಳಿಸಿದರು. ಪಕ್ಕದಲ್ಲೇ ಡೀಸೆಲ್ ಪೈಪು, ಮೇಲೆ ಎಣ್ಣೆ ಮೆತ್ತಿದ ರಬ್ಬರು. ಬೆಂಕಿ ಹಿಡಿಯೋ ಜಾಗವೇ ಅದು?

ತೊಲೆಯನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿದಾಗ ಒಂದು ಬಿರುಕೂ ಕಂಡಿತು. ಹಳೇ ಮೌಂಟಿಂಗ್ ಬಿಚ್ಚದೇ ಹೋಗಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವೆಲ್ಡಿಂಗ್ ಮಾಡಿಸಿ, ಹೊಸದು ಕೂರಿಸಿ, ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲಿ ಸಡಿಲವಾಗಿ ಹಾಕಿ, ಗೇರ್‌ಬಾಕ್ಸಿನ ಭಾರ ಬಿಟ್ಟ ಮೇಲೆ ಬಿಗಿದರು. ಒಂದು ಕಡೆ ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡು ಕೂತು ಬೇಗ ಹರಿಯುತ್ತದಂತೆ. ನಾಲ್ಕು ಗೇರಿನದು ತೆಗೆದು ಐದು ಗೇರಿನದು ಹಾಕಿಸುವವರೂ ಇದ್ದಾರೆ. ಮೌಂಟಿಂಗ್ ಕೂರುವ ಜಾಗ ಹೊಂದದಿದ್ದರೆ ವಾಷರ್ ಪೇರಿಸಿ ಸರಿದೂಗಿಸಲು ಬಿಡಬೇಡಿ, ಲೇತಿನವರ ಹತ್ತಿರ ಸರಿಯಾದ ಕೂರುಪಟ್ಟಿ ಮಾಡಿಸಿ.

ಲೆಕ್ಕ ಹೇಳುತ್ತೇನೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮೌಂಟಿಂಗಿಗೆ ಅರ್ಧ ಕ್ವಿಂಟಾಲ್ ರಾಗಿಯೂ ಬೇಕಾಗಲಿಲ್ಲ. ಅದನ್ನು ಉಳಿಸಲು ಹೋಗಿ ಎರಡನೇ ಸಲದ ರಿಪೇರಿಗೆ ನಾಲ್ಕು ಕ್ವಿಂಟಾಲಿನ ದುಡ್ಡು ಕೊಟ್ಟೆ. ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಮನೆಗೆ ತನ್ನಿ. ಕೊಡಲು ಹಿಂದೆಮುಂದೆ ನೋಡಿದರೆ ಬದಲಾಯಿಸಿಯೇ ಇಲ್ಲ ಅಂತ ನನ್ನ ಅನುಮಾನ.

ಸ್ವಲ್ಪ ಓಡಿದ ಮೇಲೆ ಬಿಗಿ ನೋಡಿಸಿ ಅಂದಿದ್ದರು. ಮೊನ್ನೆ ನೋಡಿಸಿದೆ, ಎಡಗಡೆ ಬೋಲ್ಟು ಕಾಲು ಸುತ್ತು ತಿರುಗಿತು.