ಒಂದು ತಪ್ಪೊಪ್ಪಿಗೆ: ಕ್ವಾಂಟಂ ಗಣಕದ ಬಗ್ಗೆ



ನಾನು ಆಡಿದ್ದ ಒಂದು ಮಾತನ್ನು ಇಂದು ಹಿಂತೆಗೆದುಕೊಳ್ಳಬೇಕಾಗಿದೆ. ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ, "ನಮ್ಮ ಕಂಪ್ಯೂಟರ್ ಉತ್ತರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ, ಕ್ವಾಂಟಂ ಕಂಪ್ಯೂಟರ್ ಎಲ್ಲವನ್ನೂ ಏಕಕಾಲದಲ್ಲಿ ಪರೀಕ್ಷಿಸಿ ಸರಿಯಾದುದನ್ನು ಕೊಡುತ್ತದೆ" ಎಂದು ಗತ್ತಿನಿಂದಲೇ ಹೇಳಿದ್ದೆ. ಅಂದು ಕೊನೆಯ ಬೆಂಚಿನಲ್ಲಿ ಮೌನವಾಗಿ ಕೂರುತ್ತಿದ್ದ, ಇಂದು ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ಶಿಷ್ಯೆಯೊಬ್ಬಳು, "ಸಾರ್, ಎಲ್ಲ ಉತ್ತರಗಳೂ ಒಟ್ಟಿಗಿದ್ದರೆ, ಓದಿ ನೋಡಿದಾಗ ಸರಿಯಾದುದೇ ಏಕೆ ಸಿಗಬೇಕು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಓದಿ ತಿಳಿದದ್ದಿದು. ಸಾಮಾನ್ಯ ಗಣಕದ ಬಿಟ್ 0 ಅಥವಾ 1. ಇಪ್ಪತ್ತು ಕ್ಯುಬಿಟ್‌ಗಳಾದರೋ 10,48,576 ಸಾಧ್ಯತೆಗಳನ್ನು ಒಟ್ಟಿಗೆ ಧರಿಸಬಲ್ಲವು, ನಿಜ. ಆದರೆ ಓದಿದ ಕ್ಷಣ ಕೈಗೆ ಬರುವುದು ಅವುಗಳಲ್ಲಿ ಒಂದೇ. ಮತ್ತೇನೂ ಮಾಡದೆ ಓದಿದರೆ ಅದು ಚೀಟಿ ಎತ್ತಿದಂತೆ. ಅಷ್ಟಕ್ಕೆ ಕ್ವಾಂಟಂ ಏಕೆ ಬೇಕು?

ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಪ್ರತಿ ಸಾಧ್ಯತೆಗೂ ಒಂದೊಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಚೀಟಿಯ ಸಂಭವನೀಯತೆ ಎಂದೂ ಸೊನ್ನೆಗಿಂತ ಕೆಳಗಿಳಿಯದು. ಈ ಸಂಖ್ಯೆ ಋಣಾತ್ಮಕವೂ ಆಗಬಲ್ಲದು. ಹಾಗಾಗಿ ಎರಡು ದಾರಿಗಳು ಕೂಡಿದಾಗ ಒಂದನ್ನೊಂದು ಅಳಿಸಿಹಾಕಬಹುದು. ತರಗತಿಯಲ್ಲಿ ನೀರಿನ ತಟ್ಟೆಗೆ ಎರಡು ಬೆರಳದ್ದಿ ತೋರಿಸುತ್ತಿದ್ದೆನಲ್ಲ, ಅಲೆಯ ಉಬ್ಬು ಮತ್ತೊಂದರ ತಗ್ಗನ್ನು ಸೇರಿದೆಡೆ ನೀರು ನಿಶ್ಚಲ, ಅದೇ ವ್ಯತಿಕರಣ. ತಪ್ಪು ಉತ್ತರಗಳು ಅಳಿಯುವಂತೆ, ಸರಿಯುತ್ತರ ಬಲಿಯುವಂತೆ ಅಲೆಗಳನ್ನು ಹೊಂದಿಸುವುದೇ ಜಾಣ್ಮೆ.

ದೆಹಲಿಯ ಐಐಟಿಯಲ್ಲಿ ಓದಿದ್ದ ಲವ್ ಗ್ರೋವರ್ 1996ರಲ್ಲಿ ಹುಡುಕಾಟಕ್ಕೆ ಇಂಥದೊಂದು ವಿಧಾನ ಕೊಟ್ಟರು. ಕ್ರಮವಿಲ್ಲದ 10,48,576 ನಮೂದುಗಳಲ್ಲಿ ಒಂದನ್ನು ಹುಡುಕಲು ಸಾಮಾನ್ಯ ಗಣಕ ಸರಾಸರಿ ಐದು ಲಕ್ಷಕ್ಕೂ ಹೆಚ್ಚು ಬಾರಿ ನೋಡಬೇಕು. ಗ್ರೋವರ್ ವಿಧಾನಕ್ಕೆ ಸುಮಾರು 804 ಸುತ್ತುಗಳು ಸಾಕು. ಎಲ್ಲವನ್ನೂ ಏಕಕಾಲಕ್ಕೆ ನೋಡಿ ಮುಗಿಸುವಂತಿದ್ದರೆ ಒಂದೇ ಸುತ್ತು ಸಾಕಾಗಬೇಕಿತ್ತಲ್ಲವೇ? ಇನ್ನೂ ಸೋಜಿಗವೆಂದರೆ, ಅತ್ಯುತ್ಸಾಹದಿಂದ ಅಷ್ಟೇ ಸುತ್ತುಗಳನ್ನು ಮತ್ತೆ ಮುಂದುವರಿಸಿದರೆ ಬಲಿತಿದ್ದ ಸರಿಯುತ್ತರ ಪುನಃ ಕರಗಿಹೋಗುತ್ತದೆ!

ಮಕ್ಕಳಿಗಾಗಿ ಬರೆಯುವವರು "ಏಕಕಾಲದಲ್ಲಿ ಎಲ್ಲವೂ" ಎಂಬ ಮಾತನ್ನು ಬಿಡಬೇಕೆಂಬುದು ನನ್ನ ಅಭಿಪ್ರಾಯ. ಅದು ಸರಳವಾಗಿ ಕಾಣುತ್ತದೆ, ಆದರೆ ಮುಖ್ಯವಾದುದನ್ನೇ ಮರೆಮಾಡುತ್ತದೆ. ಮೊಮ್ಮಗನಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ಭಾನುವಾರ ಬರುತ್ತಾನೆ, ತಟ್ಟೆಗೆ ನೀರು ತುಂಬಿಸಿಡಬೇಕು.