ಮಗುಚಿದ ಕಾರು ಕಲಿಸಿದ ಪಾಠ

ಗಾತ್ರದಲ್ಲಿ ಕಿರಿದಾದುದು ಗುಣದಲ್ಲಿಯೂ ಕಿರಿದಾಗಿರಬೇಕೆಂಬ ನಿಯಮವಿಲ್ಲ. ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯು 1997ರಲ್ಲಿ ಹೊರತಂದ ‘ಎ-ಕ್ಲಾಸ್’ ಎಂಬ ಚಿಕ್ಕ ಕಾರು ಇದಕ್ಕೆ ನಿದರ್ಶನ. ಹಿಂಬದಿಯಲ್ಲಿ ಮೇಲಕ್ಕೆ ತೆರೆಯುವ ಬಾಗಿಲುಳ್ಳ ಈ ಹ್ಯಾಚ್‌ಬ್ಯಾಕ್ ವಾಹನದ ಉದ್ದ ಸುಮಾರು 3.6 ಮೀಟರು ಮಾತ್ರ.

ಇಷ್ಟು ಗಿಡ್ಡ ಕಾರು ಎದುರಿನಿಂದ ಡಿಕ್ಕಿ ಹೊಡೆದರೆ ಎಂಜಿನು ಕುಳಿತವರ ಕಾಲ ಮೇಲೆಯೇ ನುಗ್ಗೀತು. ಇದನ್ನು ತಪ್ಪಿಸಲು ಎಂಜಿನಿಯರರು ನೆಲವನ್ನು ಎರಡು ಪದರಗಳಾಗಿ ರಚಿಸಿ, ಎಂಜಿನನ್ನು ಓರೆಯಾಗಿ ಕೂರಿಸಿದರು. ಡಿಕ್ಕಿಯಾದಾಗ ಅದು ಒಳಗೆ ನುಗ್ಗದೆ ನೆಲದಡಿಗೆ ಜಾರುವಂತಾಯಿತು. ಆದರೆ ಕಾರು ಎತ್ತರವಾಯಿತು. ಎತ್ತರದ ಗಿಡ್ಡ ವಾಹನವು ಹಠಾತ್ ತಿರುವಿನಲ್ಲಿ ವಾಲುವ ಸಂಭವ ಹೆಚ್ಚು.

ಸ್ವೀಡನ್ ದೇಶದ ರಸ್ತೆಗಳಿಗೆ ಕಡವೆಯ ಕುಲದ, ಅದಕ್ಕಿಂತಲೂ ದೊಡ್ಡದಾದ ಎಲ್ಕ್ ಎಂಬ ಪ್ರಾಣಿ ಒಮ್ಮೆಲೇ ನುಗ್ಗುವುದುಂಟು. ಅದನ್ನು ತಪ್ಪಿಸಲು ಚಾಲಕನು ಒಂದು ಪಕ್ಕಕ್ಕೆ ಹೊರಳಿ, ಕೂಡಲೇ ಮರಳಿ ತನ್ನ ದಾರಿಗೆ ಬರಬೇಕು. 1997ರ ಅಕ್ಟೋಬರಿನಲ್ಲಿ ಅಲ್ಲಿನ ವಾಹನ ಪತ್ರಿಕೆಯೊಂದು ಈ ಪರೀಕ್ಷೆಯನ್ನು ನಡೆಸಿದಾಗ ಹೊಸ ಕಾರು ಮಗುಚಿಬಿದ್ದಿತು! ಮೊದಲು ಹಿಂಜರಿದ ಸಂಸ್ಥೆ ಕಡೆಗೆ ಹಲವು ವಾರಗಳ ಕಾಲ ಮಾರಾಟವನ್ನೇ ನಿಲ್ಲಿಸಿ, ಕಾರಿನ ತಳಬಂಧವನ್ನು ತಿದ್ದಿ, ಇ.ಎಸ್.ಪಿ. ಎಂಬ ಸ್ಥಿರತಾ ಸಾಧನವನ್ನು ಪ್ರತಿಯೊಂದು ಎ-ಕ್ಲಾಸಿಗೂ ಅಳವಡಿಸಿತು. ಅದುವರೆಗೆ ಅದು ದುಬಾರಿ ಕಾರುಗಳ ಸೊತ್ತಾಗಿದ್ದಿತು.

ಜೋಡೆತ್ತಿನ ಗಾಡಿಯನ್ನು ತಿರುಗಿಸುವಾಗ ಒಳಬದಿಯ ಎತ್ತನ್ನು ತಡೆದು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಈ ಸಾಧನದ ತತ್ತ್ವವೂ ಅದೇ. ಚಾಲಕನು ಚುಕ್ಕಾಣಿಯನ್ನು ಎಷ್ಟು ತಿರುಗಿಸಿದನು, ಕಾರು ನಿಜವಾಗಿ ಎಷ್ಟು ತಿರುಗಿತು ಎಂಬುದನ್ನು ಅದು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ತಕ್ಕ ಚಕ್ರವೊಂದಕ್ಕೆ ಮಾತ್ರ ಬ್ರೇಕು ಹಾಕಿ, ಅಗತ್ಯವಾದರೆ ಎಂಜಿನಿನ ಬಲವನ್ನೂ ತಗ್ಗಿಸುತ್ತದೆ. ಮುಂಭಾಗ ಹೊರಕ್ಕೆ ಜಾರಿದರೆ ಒಳಬದಿಯ ಹಿಂದಿನ ಚಕ್ರವನ್ನು, ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಚಕ್ರವನ್ನು ತಡೆಯುತ್ತದೆ. 2014ರ ನವೆಂಬರಿನಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಗಿದೆ.

ವಯನಾಡಿನ ಚುರವನ್ನೂ ನೀಲಗಿರಿಯ ಕಲ್ಲಟ್ಟಿ ಘಾಟಿಯನ್ನೂ ಮಳೆಯಲ್ಲಿ ಏರಿಳಿಯುವ ನಮ್ಮ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಕಾರು ಕೊಳ್ಳುವವರು ಬಣ್ಣ, ಸಂಗೀತಪೆಟ್ಟಿಗೆಗಳಿಗಿಂತ ಮೊದಲು ಈ ಸಾಧನವಿದೆಯೇ ಎಂದು ಕೇಳಲಿ. ಇದ್ದರೂ ಅತಿವೇಗಕ್ಕೂ ಸವೆದ ಟೈರಿಗೂ ಅದು ಮದ್ದಲ್ಲ. ಯಂತ್ರಕ್ಕೆ ಒಪ್ಪಿಸಬಹುದಾದುದು ಚಕ್ರದ ಹಿಡಿತವನ್ನೇ ಹೊರತು ಚಾಲಕನ ವಿವೇಕವನ್ನಲ್ಲ.