ಬೀಗ ಹಾಕಿದವರು ಲೆಕ್ಕ ಒಪ್ಪಿಸಲಿ

ಮೈಸೂರಿನ ಜಯಲಕ್ಷ್ಮಿ ವಿಲಾಸ ಅರಮನೆಯನ್ನು ಯಾರೂ ಕೆಡವಲಿಲ್ಲ. ಜೆಸಿಬಿ ಬರಲಿಲ್ಲ, ಬಿಲ್ಡರ್ ಬರಲಿಲ್ಲ, ಬೆಂಕಿ ಬೀಳಲಿಲ್ಲ. ಮಳೆ ಬಂತು. ಪ್ರತಿ ವರ್ಷ ಬರುವ ಅದೇ ಮಳೆ. ಜರುಗಿದ ಹೆಂಚನ್ನು ಸಕಾಲಕ್ಕೆ ಸರಿಪಡಿಸದೆ ಬಿಟ್ಟರೆ ಏನಾಗುತ್ತದೋ ಅದೇ ಆಯಿತು. ನೀರು ಜಂತಿಗೆ ಇಳಿಯಿತು, ಜಂತಿಯಿಂದ ಗೋಡೆಗೆ ಇಳಿಯಿತು, ಗೆದ್ದಲು ಹಿಂಬಾಲಿಸಿತು, ಚಾವಣಿಯ ಭಾಗಗಳು ಕುಸಿದವು. ಕೊನೆಗೆ ಒಳಗಿದ್ದ ಜಾನಪದ ವಸ್ತುಸಂಗ್ರಹಾಲಯದ ಬಾಗಿಲು ಜನರಿಗೆ ಮುಚ್ಚಿತು. ಒಂದು ನಾಡಿನ ಬದುಕನ್ನು ಕೂಡಿಟ್ಟ ಮನೆಗೆ ಬೀಗ ಬಿದ್ದಾಗ ಮೈಸೂರಿನಲ್ಲಿ ಒಂದು ಅಂಗಡಿ ಮುಚ್ಚಿದಷ್ಟೂ ಸದ್ದಾಗಲಿಲ್ಲ.

ಇದು ವಿನಾಶವಲ್ಲದೆ ಮತ್ತೇನು? ಕೆಡವುವವನ ಕೈಯಲ್ಲಿ ಹಾರೆಯಾದರೂ ಕಾಣುತ್ತದೆ, ಅಡ್ಡ ಹೋಗಿ ನಿಲ್ಲಬಹುದು. 2011ರಲ್ಲಿ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು ಒಡೆಯತೊಡಗಿದಾಗ ಜನ ಕೂಗೆಬ್ಬಿಸಿದರು, ಕೆಲಸ ನಿಂತಿತು, ಆ ಮನೆ 2016ರಲ್ಲಿ ಸಂಗ್ರಹಾಲಯವಾಯಿತು. ಸೋರಿಕೆಯ ಎದುರು ಯಾರು ಧರಣಿ ಕೂರುತ್ತಾರೆ? ಉದಾಸೀನಕ್ಕೆ ಮುಖವಿಲ್ಲ, ಸಹಿ ಇಲ್ಲ, ಆದೇಶ ಸಂಖ್ಯೆ ಇಲ್ಲ. ಅದಕ್ಕೇ ಅದು ಸಲೀಸಾಗಿ ಗೆಲ್ಲುತ್ತದೆ.

ಕಳೆದುಕೊಳ್ಳುತ್ತಿರುವುದು ಏನನ್ನು ಎಂದು ಒಮ್ಮೆ ನೋಡಿ. ಕುಕ್ಕರಹಳ್ಳಿ ಕೆರೆಯ ಬಳಿಯ ಎತ್ತರದ ಮೇಲೆ 1905ರಲ್ಲಿ ಎದ್ದ ಮನೆ ಇದು. ಚಾಮರಾಜ ಒಡೆಯರ ಹಿರಿಯ ಮಗಳು, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ಅವರ ಪತಿ ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು. 125 ಕೋಣೆ, 300 ಕಿಟಕಿ, 287 ಕೆತ್ತನೆಯ ಬಾಗಿಲು ಎಂಬ ಲೆಕ್ಕ ಮೈಸೂರಿನ ಗೈಡುಗಳಿಗೆಲ್ಲ ಬಾಯಿಪಾಠ. 1959ರಲ್ಲಿ, ಕುವೆಂಪು ಕುಲಪತಿಯಾಗಿದ್ದಾಗ, ಇದು ಮೈಸೂರು ವಿಶ್ವವಿದ್ಯಾಲಯದ ಪಾಲಿಗೆ ಬಂತು. ಸುತ್ತ ಅದರ ಆವರಣ ಮಾನಸಗಂಗೋತ್ರಿ ಬೆಳೆಯಿತು.

ಆಮೇಲೆ ನಡೆದದ್ದೇ ಈ ಮನೆಯ ನಿಜವಾದ ದೊಡ್ಡಸ್ತಿಕೆ. 1968ರಲ್ಲಿ ಆರಂಭವಾದ ಜಾನಪದ ಸಂಗ್ರಹಾಲಯಕ್ಕೆ ಈ ಅರಮನೆಯೇ ನೆಲೆಯಾಯಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಇದನ್ನು ಕಟ್ಟಿದವರು. ಹಳ್ಳಿಗಳಿಂದ ತಂದು ಕೂಡಿಸಿದ್ದು 6,500ಕ್ಕೂ ಹೆಚ್ಚು ವಸ್ತು. ಸೋಮನ ಕುಣಿತದ ಮುಖವಾಡ, ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಕೊಳಗ, ಸೇರು, ದೀಪ, ಬೇಸಾಯದ ಸಲಕರಣೆ, ಮೈಮೇಲಿನ ಒಡವೆ. ಪಕ್ಕದ ವಿಭಾಗದಲ್ಲಿ ಕುವೆಂಪು, ಕಾರಂತ, ಗೊರೂರು ಮೊದಲಾದವರು ಬಳಸಿದ ವಸ್ತುಗಳು. ರಾಜಕುಮಾರಿಯ ಕಲ್ಯಾಣ ಮಂಟಪವಿದ್ದ ಸೂರಿನಡಿಗೆ ಹೊಲಗೇಯುವವನ ನೇಗಿಲೂ ಗ್ರಾಮದೇವತೆಯ ಸೋಮನೂ ಬಂದು ನಿಂತರು. ಒಂದು ಕಾಲಕ್ಕೆ ಆ ಮನೆಯ ಅಂಗಳಕ್ಕೂ ಕಾಲಿಡಲಾಗದಿದ್ದವರ ಬದುಕು ಅದರ ಒಳಮನೆಯಲ್ಲೇ ಗೌರವದ ಜಾಗ ಪಡೆಯಿತು. ಯಾವ ಸಮ್ಮೇಳನದ ಭಾಷಣವೂ ಮಾಡಲಾಗದ ಕೆಲಸವಿದು.

ಇಂಥ ಸಂಗ್ರಹಕ್ಕೆ ನೀರು ತಗುಲಿದರೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲದ ರಹಸ್ಯವಲ್ಲ. ತೊಗಲುಗೊಂಬೆ ಎಂದರೆ ಹದಮಾಡಿದ ಚರ್ಮ. ಥಂಡಿ ಹಿಡಿದರೆ ಸುರುಟುತ್ತದೆ, ಬೂಷ್ಟು ಬರುತ್ತದೆ, ಬಣ್ಣ ಬಿಡುತ್ತದೆ. ಮರದ ಮುಖವಾಡವನ್ನು ಹುಳು ಒಳಗಿನಿಂದ ಕೊರೆದು ಪುಡಿ ಮಾಡುತ್ತದೆ. ಬಟ್ಟೆಯ ಗತಿ ಹೇಳಬೇಕಿಲ್ಲ. ಕಟ್ಟಡವನ್ನಾದರೂ ಹಳೆಯ ಫೋಟೊ ನೋಡಿ, ಗಾರೆ ಅರೆದು, ಮರ ಹೊಂದಿಸಿ ಮತ್ತೆ ಎಬ್ಬಿಸಬಹುದು. ಒಬ್ಬ ಕಿಳ್ಳೇಕ್ಯಾತರ ಕಲಾವಿದ ಕೈಯಾರೆ ಕೊರೆದು ಬಣ್ಣ ತುಂಬಿದ ಗೊಂಬೆಯನ್ನು ಯಾವ ಎಂಜಿನಿಯರ್ ಮರಳಿ ತರುತ್ತಾನೆ?

ಹಣವಿರಲಿಲ್ಲ ಎಂಬ ಮಾತು ಬೇಡ. ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ಈ ಶತಮಾನದ ಮೊದಲ ದಶಕದಲ್ಲೇ ದುರಸ್ತಿಯಾಗಿತ್ತು. ಎರಡು ದಶಕ ತುಂಬುವ ಮೊದಲೇ ಮನೆ ಮತ್ತೆ ಸೋರಿ ಕುಸಿಯಿತು. 2024ರಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿ ಜೀರ್ಣೋದ್ಧಾರಕ್ಕೆಂದು ಎರಡು ಕೋಟಿಗೂ ಮಿಕ್ಕಿ ನೆರವು ಘೋಷಿಸಿತು. ಆ ನೆರವು ತರಲು ದುಡಿದವರಿಗೆ ಕೈಮುಗಿಯುತ್ತೇನೆ. ಆದರೆ ನಮ್ಮ ಸೋಮನನ್ನು, ನಮ್ಮ ಕೊಳಗವನ್ನು ಉಳಿಸಲು ಸಾಗರದಾಚೆಯ ಸರ್ಕಾರವೊಂದು ಕೈ ಚಾಚಬೇಕಾಯಿತು ಎಂಬುದು ನನ್ನನ್ನು ಚುಚ್ಚುತ್ತದೆ. ಪ್ರತಿ ನವೆಂಬರಿನಲ್ಲಿ ಬಾವುಟ ಹಾರಿಸುವ ನಮ್ಮೆಲ್ಲರನ್ನೂ ಅದು ಚುಚ್ಚಬೇಕು.

ರೋಗ ಎಲ್ಲಿದೆ ಎಂದರೆ, ದುರಸ್ತಿಗೆ ಹಣ ಹೇಗೋ ಬರುತ್ತದೆ, ಪಾಲನೆಗೆ ಬರುವುದಿಲ್ಲ. ದುರಸ್ತಿಗೆ ಶಿಲಾಫಲಕವಿದೆ, ರಿಬ್ಬನ್ ಇದೆ, ಫೋಟೊ ಇದೆ. ವರ್ಷಕ್ಕೊಮ್ಮೆ ಮಾಡು ಹತ್ತಿ ಒಡೆದ ಹೆಂಚು ಬದಲಿಸಿ, ದೋಣಿಯಲ್ಲಿ ತುಂಬಿದ ಎಲೆ ಬಾಚುವುದಕ್ಕೆ ಯಾವ ಮಂತ್ರಿಯೂ ಬರುವುದಿಲ್ಲ. ಮಲೆನಾಡಿನಲ್ಲಿ ನಾಲ್ಕು ಅಂಕಣದ ಮನೆಯ ಬಡ ರೈತನೂ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುತ್ತಾನೆ. ಅವನಿಗಿರುವ ಆ ಕನಿಷ್ಠ ವಿವೇಕ ಒಂದು ವಿಶ್ವವಿದ್ಯಾಲಯಕ್ಕೂ ಅದರ ಮೇಲಿನ ಸರ್ಕಾರಕ್ಕೂ ಯಾಕಿಲ್ಲ? ಇದ್ದಿದ್ದರೆ ಮನೆ ಈ ಗತಿಗೆ ಬರುತ್ತಿರಲಿಲ್ಲ.

ಕಟ್ಟಡ ಎದ್ದರೂ ಎದ್ದೀತು. ನನ್ನ ಭಯ ಇನ್ನೊಂದಿದೆ. ಬಾಗಿಲು ಮುಚ್ಚಿದ ಸಂಗ್ರಹಾಲಯದಲ್ಲಿ ಮೊದಲು ಸಾಯುವುದು ನೆನಪು. ಈ ಸೋಮ ಯಾವ ಊರಿನವನು, ಯಾವ ಮನೆಯವರು ಎತ್ತಿಕೊಟ್ಟರು, ಯಾವ ಹಬ್ಬಕ್ಕೆ ಕುಣಿಯುತ್ತಿದ್ದ? ಇದೆಲ್ಲ ವಸ್ತುವಿನ ಮೈಮೇಲೆ ಬರೆದಿರುವುದಿಲ್ಲ. ದಾಖಲೆ ಪುಸ್ತಕದಲ್ಲಿರುತ್ತದೆ, ಸಂಗ್ರಹಕ್ಕೆ ಹೋದವರ ಟಿಪ್ಪಣಿಯಲ್ಲಿರುತ್ತದೆ, ಅವರ ಜೊತೆ ಊರೂರು ಅಲೆದ ವಿದ್ಯಾರ್ಥಿಗಳ ತಲೆಯಲ್ಲಿರುತ್ತದೆ. ಕಟ್ಟಿದ ಹಿರಿಯರು ಹೋದರು. ಅಂದಿನ ವಿದ್ಯಾರ್ಥಿಗಳಿಗೆ ಈಗ ಎಪ್ಪತ್ತು ದಾಟಿದೆ. ಅವರನ್ನು ಕೂರಿಸಿಕೊಂಡು ಮಾತು ದಾಖಲಿಸಲು ಕೋಟಿ ರೂಪಾಯಿ ಬೇಡ, ಒಂದು ರೆಕಾರ್ಡರ್ ಸಾಕು. ಹೆಸರು, ಊರು ಕಳಚಿಹೋದ ಮೇಲೆ ಆ ಸೋಮ ಬರೀ ಬಣ್ಣ ಹಚ್ಚಿದ ಮರದ ತುಂಡು. ಅಂಥದ್ದು ಕಳುವಾದರೂ ಕೇಳುವವರಿರುವುದಿಲ್ಲ. ಕುಪ್ಪಳಿಯ ಕವಿಮನೆಗೆ 2015ರಲ್ಲಿ ಕನ್ನ ಬಿದ್ದು ಕುವೆಂಪು ಅವರ ಪದ್ಮ ಪದಕಗಳೇ ಹೋದದ್ದನ್ನು ನಾವು ಕಂಡಿದ್ದೇವೆ. ಅಲ್ಲಿ ಹೋದದ್ದೇನೆಂದು ಹೇಳಲಾದರೂ ಆಯಿತು.

ಆದ್ದರಿಂದ ವಿಶ್ವವಿದ್ಯಾಲಯವನ್ನು ನೇರವಾಗಿ ಕೇಳುತ್ತೇನೆ. ಸಂಗ್ರಹದ ಒಂದೊಂದು ವಸ್ತುವಿನ ಹೆಸರು, ಊರು, ಕೊಟ್ಟವರು, ಈಗಿನ ಸ್ಥಿತಿ, ಈಗ ಇರುವ ಜಾಗ, ಇಷ್ಟನ್ನೂ ಫೋಟೊ ಸಮೇತ ಸಾರ್ವಜನಿಕರ ಮುಂದಿಡಿ. ಜೀರ್ಣೋದ್ಧಾರ ಮುಗಿಯಲಿ ಎಂದು ಕಾಯಬೇಡಿ. ಹಾಳಾದದ್ದನ್ನೂ ಹಾಳಾಯಿತೆಂದೇ ಬರೆಯಿರಿ. ಇದು ನೀವು ನಮಗೆ ಮಾಡುವ ಉಪಕಾರವಲ್ಲ. ಆ ವಸ್ತುಗಳನ್ನು ಹಳ್ಳಿಯ ಜನ ತಮ್ಮ ಮನೆಯಿಂದ, ಗುಡಿಯಿಂದ ಎತ್ತಿ ಕೊಟ್ಟದ್ದು ನಂಬಿಕೆಯ ಮೇಲೆ. ಮುಂದಿನ ಮುಂಗಾರಿಗೆ ಮುಂಚೆ ಪಾಲನೆಗೆಂದೇ ಪ್ರತ್ಯೇಕ ಹಣವನ್ನೂ ಅದಕ್ಕೆ ಹೊಣೆಯಾದ ಒಬ್ಬ ವ್ಯಕ್ತಿಯನ್ನೂ ಗೊತ್ತುಮಾಡಿ.

ಓದುಗರೇ, ಶಾಲೆಯ ಪ್ರವಾಸದಲ್ಲೋ ಎಂ.ಎ. ಓದುವಾಗಲೋ ಆ ಮನೆಯೊಳಗೆ ನಿಂತು ತೆಗೆಸಿಕೊಂಡ ಫೋಟೊ ನಿಮ್ಮಲ್ಲಿದ್ದರೆ ಹುಡುಕಿ ತೆಗೆಯಿರಿ, ಹಿಂದೆ ವರ್ಷ ಬರೆಯಿರಿ, ಪ್ರತಿ ಮಾಡಿಸಿ ವಿಶ್ವವಿದ್ಯಾಲಯಕ್ಕೆ ಕಳಿಸಿ. ನಿಮ್ಮೂರಿನಿಂದ ಅಲ್ಲಿಗೆ ಹೋದ ವಸ್ತುವಿದ್ದರೆ ಅದೀಗ ಎಲ್ಲಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು.